ಗಿಲೊಟಿನ್: ದಯೆಯ ಲೆಕ್ಕದಲ್ಲಿ ಹುಟ್ಟಿದ ಅಲಗು

1766ರ ಮೇ 9ರಂದು ಪ್ಯಾರಿಸ್ಸಿನ ಗ್ರೇವ್ ಚೌಕದಲ್ಲಿ ತಲೆ ಕೊಟ್ಟ ಮನುಷ್ಯ ನಮಗೆ ತೀರ ಅಪರಿಚಿತನಲ್ಲ. ಹೈಸ್ಕೂಲಿನ ಚರಿತ್ರೆ ಪಾಠದಲ್ಲಿ, ಕರ್ನಾಟಿಕ್ ಯುದ್ಧಗಳ ಕೊನೆಗೆ ಬಂದು ಸೋತುಹೋಗುವ ಕೌಂಟ್ ಡಿ ಲಾಲಿ ಅವನು. 1760ರ ಜನವರಿಯಲ್ಲಿ ವಂದವಾಸಿಯಲ್ಲಿ ಇಂಗ್ಲಿಷರ ಕೈಯಲ್ಲಿ ಪೆಟ್ಟು ತಿಂದ ಮೇಲೆ, ಪಾಂಡಿಚೇರಿಯನ್ನು ಉಳಿಸಿಕೊಳ್ಳಲು ಆತ ಮೊರೆಹೋದದ್ದು ಮೈಸೂರಿನ ಹೈದರಾಲಿಗೆ. ಹೈದರನ ಬಂಧು ಮಖ್ದೂಮ್ ಅಲಿ ದಂಡು ಕಟ್ಟಿಕೊಂಡು ಹೋದದ್ದೂ ಆಯಿತು. ಅಷ್ಟರಲ್ಲಿ ಶ್ರೀರಂಗಪಟ್ಟಣದಲ್ಲಿ, ಹೈದರನ ಆಪ್ತನಾಗಿದ್ದ ಖಂಡೇರಾವ್ ಅವನ ಮೇಲೆಯೇ ತಿರುಗಿಬಿದ್ದ. ಹೈದರನಿಗೆ ತನ್ನ ತಲೆ ಉಳಿಸಿಕೊಳ್ಳುವುದೇ ದೊಡ್ಡದಾಯಿತು, ನೆರವಿನ ದಂಡು ಹಿಂದಕ್ಕೆ ಬಂತು. 1761ರ ಜನವರಿಯಲ್ಲಿ ಪಾಂಡಿಚೇರಿ ಶರಣಾಯಿತು. ಸೋಲಿನ ಹೊಣೆಯನ್ನು ಯಾರಾದರೊಬ್ಬರ ತಲೆಗೆ ಕಟ್ಟಬೇಕಿತ್ತು, ಫ್ರಾನ್ಸು ಅದನ್ನು ಲಾಲಿಯ ತಲೆಗೆ ಕಟ್ಟಿತು. ರಾಜದ್ರೋಹದ ಆರೋಪ, ಮರಣದಂಡನೆ.

ಲಾಲಿ ಕುಲೀನ. ಹಾಗಾಗಿ ಅವನಿಗೆ ನೇಣಿಲ್ಲ, ಕತ್ತಿಯ ಗೌರವ. ಮಾತಾಡದಂತೆ ಬಾಯಿ ಬಿಗಿದು ಕರೆತಂದು, ಕಣ್ಣು ಕಟ್ಟಿ ಮಂಡಿಯೂರಿಸಿದರು. ಮೊದಲ ಏಟು ಕುತ್ತಿಗೆಗೆ ಸರಿಯಾಗಿ ಬೀಳಲಿಲ್ಲ. ದೇಹ ಮುಗ್ಗರಿಸಿತು. ತಲೆ ಬೇರೆಯಾಗಲು ಇನ್ನೂ ಮೂರು ನಾಲ್ಕು ಏಟು ಬೇಕಾದವು. ಹನ್ನೆರಡು ವರ್ಷಗಳ ಬಳಿಕ, ವೋಲ್ಟೇರನ ಬೆಂಬಲದಿಂದ ಮಗ ನಡೆಸಿದ ಹೋರಾಟದ ಫಲವಾಗಿ ಆ ತೀರ್ಪೇ ರದ್ದಾಯಿತು. ತೀರ್ಪು ರದ್ದಾದರೂ ಆ ಕೊಚ್ಚಾಟದ ನೆನಪು ರದ್ದಾಗಲಿಲ್ಲ. 1792ರಲ್ಲಿ ಒಬ್ಬ ಶಸ್ತ್ರವೈದ್ಯ ಫ್ರಾನ್ಸಿನ ಶಾಸನಸಭೆಗೆ ವರದಿ ಬರೆಯುವಾಗ ಲಾಲಿಯ ಸಾವನ್ನೇ ಉದಾಹರಣೆಯಾಗಿ ಎತ್ತಿಕೊಂಡ. ಗಿಲೊಟಿನ್ ಹುಟ್ಟಿದ್ದು ಆ ವರದಿಯಿಂದ.

ಹಳೆಯ ಫ್ರಾನ್ಸಿನಲ್ಲಿ ಬದುಕಿದ್ದಾಗಿನ ಅಂತಸ್ತು ಸಾಯುವಾಗಲೂ ಬೆನ್ನು ಬಿಡುತ್ತಿರಲಿಲ್ಲ. ಕುಲೀನನಿಗೆ ಕತ್ತಿ, ಸಾಮಾನ್ಯನಿಗೆ ಹಗ್ಗ. ದರೋಡೆಕೋರರನ್ನೂ ಕೊಲೆಗಾರರನ್ನೂ ಚಕ್ರಕ್ಕೆ ಬಿಗಿದು ಕಬ್ಬಿಣದ ಸಲಾಕೆಯಿಂದ ಮೂಳೆ ಮುರಿಯುತ್ತಿದ್ದರು. ಹದಿನೈದನೇ ಲೂಯಿಗೆ ಚಾಕು ಹಾಕಿದ ದಾಮಿಯೆನ್ಸ್ ಎಂಬವನನ್ನು 1757ರಲ್ಲಿ ಗಂಟೆಗಟ್ಟಲೆ ಹಿಂಸಿಸಿ, ನಾಲ್ಕು ಕುದುರೆ ಕಟ್ಟಿ ಎಳೆಸಿ ಕೊಂದರು. ಅದನ್ನು ನೋಡಲು ಜನ ಕಿಟಕಿಗಳನ್ನು ಬಾಡಿಗೆಗೆ ಹಿಡಿದಿದ್ದರು. ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಜನರ ಮನಸ್ಸು ತಿರುಗಿತ್ತು. 1788ರ ಆಗಸ್ಟ್ ಆರಂಭದಲ್ಲಿ ವರ್ಸೇಲ್ಸ್ ಪಟ್ಟಣದಲ್ಲಿ, ತಂದೆಯನ್ನು ಕೊಂದ ಆರೋಪದ ಮೇಲೆ ಲೂಷಾರ್ ಎಂಬ ಯುವಕನನ್ನು ಚಕ್ರಕ್ಕೆ ಕಟ್ಟಲು ತಂದಾಗ ಜನ ವೇದಿಕೆಗೆ ನುಗ್ಗಿ ಅವನನ್ನು ಬಿಡಿಸಿಕೊಂಡು ಹೋದರು, ಚಕ್ರವನ್ನು ಸುಟ್ಟರು. ಅದೇ ತಿಂಗಳ 10ರಂದು ಅದೇ ವರ್ಸೇಲ್ಸಿನ ಅರಮನೆಯಲ್ಲಿ ಹದಿನಾರನೇ ಲೂಯಿ ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳನ್ನು ವೈಭವದಿಂದ ಬರಮಾಡಿಕೊಂಡ. ಇಂಗ್ಲಿಷರ ವಿರುದ್ಧ ಸೈನ್ಯ ಕೇಳಲು ಹೋದವರು ಬರಿಗೈಯಲ್ಲಿ ಮರಳಿದರು. ಆತಿಥ್ಯ ಕೊಟ್ಟ ರಾಜನಿಗೆ ಇನ್ನು ಉಳಿದಿದ್ದದ್ದು ನಾಲ್ಕೂವರೆ ವರ್ಷ.

ಈ ಹೊತ್ತಿಗೆ ರಂಗಕ್ಕೆ ಬರುವವನು ಡಾಕ್ಟರ್ ಜೋಸೆಫ್ ಇಗ್ನಾಸ್ ಗಿಯೊತ್ಯಾಂ. 1738ರಲ್ಲಿ ಸೇಂತ್ ಎಂಬ ಊರಿನಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ಹೆಸರು ಮಾಡಿದ ವೈದ್ಯ. 1784ರಲ್ಲಿ, ಅಯಸ್ಕಾಂತ ಶಕ್ತಿಯಿಂದ ರೋಗ ಗುಣಪಡಿಸುತ್ತೇನೆಂದು ಊರನ್ನೇ ಮರುಳುಗೊಳಿಸಿದ್ದ ಮೆಸ್ಮರನ ವಿದ್ಯೆಯನ್ನು ಪರೀಕ್ಷಿಸಲು ರಾಜ ನೇಮಿಸಿದ ಮಂಡಳಿಯಲ್ಲಿ ಇವನೂ ಇದ್ದ. ಜೊತೆಗಾರರು ಬೆಂಜಮಿನ್ ಫ್ರಾಂಕ್ಲಿನ್, ರಸಾಯನಶಾಸ್ತ್ರಜ್ಞ ಲಾವೋಸಿಯೆ, ಖಗೋಳಜ್ಞ ಬೈಯಿ. 1789ರಲ್ಲಿ ಪ್ಯಾರಿಸ್ಸಿನಿಂದ ಮೂರನೆಯ ವರ್ಗದ, ಅಂದರೆ ಸಾಮಾನ್ಯರ, ಪ್ರತಿನಿಧಿಯಾಗಿ ಮಹಾಸಭೆಗೆ ಆರಿಸಿಬಂದ. ಜೂನ್ 20ರಂದು ಸಭಾಭವನದ ಬಾಗಿಲು ಮುಚ್ಚಿ ಪ್ರತಿನಿಧಿಗಳು ಬೀದಿಯಲ್ಲಿ ನಿಂತಾಗ, ಹತ್ತಿರದ ಟೆನಿಸ್ ಅಂಗಳಕ್ಕೆ ಹೋಗೋಣ ಎಂದು ಸೂಚಿಸಿದವನು ಇವನೇ. ಕ್ರಾಂತಿಯ ಪ್ರಸಿದ್ಧ ಪ್ರತಿಜ್ಞೆ ನಡೆದದ್ದು ಅಲ್ಲಿ. ಇತಿಹಾಸ ಇವನನ್ನು ಆ ಅಂಗಳದ ಹೆಸರಿನೊಂದಿಗೆ ನೆನೆದಿದ್ದರೆ ನ್ಯಾಯವಾಗುತ್ತಿತ್ತು.

ಆ ವರ್ಷದ ಅಕ್ಟೋಬರ್ 10ರಂದು ಗಿಯೊತ್ಯಾಂ ರಾಷ್ಟ್ರೀಯ ಸಭೆಯ ಮುಂದೆ ದಂಡಸಂಹಿತೆಯ ಸುಧಾರಣೆಯ ಮಾತೆತ್ತಿದ. ಡಿಸೆಂಬರ್ 1ರಂದು ಅದನ್ನೇ ವಿವರವಾಗಿ ವಾದಿಸಿದ. ಒಂದೇ ತಪ್ಪಿಗೆ ಒಂದೇ ಶಿಕ್ಷೆ, ತಪ್ಪು ಮಾಡಿದವನು ಯಾವ ಮನೆತನದವನೇ ಆಗಿರಲಿ. ಅಪರಾಧಿಯ ಕಳಂಕ ಅವನ ಹೆಂಡತಿ ಮಕ್ಕಳಿಗೆ ಅಂಟಬಾರದು. ಆಸ್ತಿ ಮುಟ್ಟುಗೋಲು ಕೂಡದು. ಬಂಧುಗಳು ಕೇಳಿದರೆ ಹೆಣ ಕೊಡಬೇಕು. ಮರಣದಂಡನೆಯೆಂದರೆ ಒಂದು ಸರಳ ಯಂತ್ರದಿಂದ ತಲೆ ಕಡಿಯುವುದಷ್ಟೇ ಆಗಬೇಕು. ಇಂದು ಓದಿದರೆ ಇದರಲ್ಲಿ ಮುಕ್ಕಾಲು ಪಾಲು ನಾವು ಸಹಜವೆಂದುಕೊಂಡ ಕಾನೂನೇ. ಆದರೆ ವೈದ್ಯ ಭಾಷಣದ ಭರದಲ್ಲಿ ಒಂದು ಮಾತು ಆಡಿಬಿಟ್ಟ. ನನ್ನ ಯಂತ್ರದಿಂದ ರೆಪ್ಪೆ ಮುಚ್ಚುವಷ್ಟರಲ್ಲಿ ನಿಮ್ಮ ತಲೆ ಹಾರಿಸುತ್ತೇನೆ, ನಿಮಗೆ ಗೊತ್ತೂ ಆಗುವುದಿಲ್ಲ ಎಂಬುದು ಅದರ ತಾತ್ಪರ್ಯ, ಪತ್ರಿಕೆಗೊಂದು ಪಾಠಾಂತರ. ಸಭೆ ಬಿದ್ದು ಬಿದ್ದು ನಕ್ಕಿತು. ನಕ್ಕವರಲ್ಲಿ ಎಷ್ಟೋ ಮಂದಿ ಮುಂದೆ ಆ ಅಲಗಿನ ಕೆಳಗೇ ಮಲಗಿದರು.

ನಗೆ ಅಲ್ಲಿಗೆ ನಿಲ್ಲಲಿಲ್ಲ. ಕ್ರಾಂತಿಯನ್ನು ಗೇಲಿ ಮಾಡುತ್ತಿದ್ದ ರಾಜಪಕ್ಷದ ಪತ್ರಿಕೆಯೊಂದು ವೈದ್ಯನ ಮೇಲೆ ಅಣಕುಹಾಡು ಕಟ್ಟಿ, ಅವನ ಹೆಸರಿನ ತುದಿಗೆ ಸ್ತ್ರೀಲಿಂಗದ ಒಂದಕ್ಷರ ಸೇರಿಸಿ, ಯಂತ್ರಕ್ಕೆ ಗಿಲೊಟಿನ್ ಎಂದು ಹೆಸರಿಟ್ಟಿತು. ಗಮನಿಸಬೇಕು: ಆಗ ಯಂತ್ರವೇ ಇರಲಿಲ್ಲ. ಅದರ ನಕ್ಷೆಯೂ ಇರಲಿಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿದರೆಂಬ ನಮ್ಮ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು. ಕುಲಾವಿ ಎರಡೂವರೆ ವರ್ಷ ಕಾಯಬೇಕಾಯಿತು.

ಈ ನಡುವಿನ ಅವಧಿಯಲ್ಲಿ ಫ್ರಾನ್ಸು ಬೇರೆಯೇ ದಾರಿ ಹಿಡಿಯಬಹುದಿತ್ತು. 1791ರ ಮೇ ತಿಂಗಳಲ್ಲಿ ದಂಡಸಂಹಿತೆಯ ಕರಡು ಚರ್ಚೆಗೆ ಬಂದಾಗ, ಅದನ್ನು ಮಂಡಿಸಿದ ಸೇಂ-ಫಾರ್ಜೋ ಮರಣದಂಡನೆಯನ್ನೇ ಬಹುತೇಕ ಕೈಬಿಡೋಣ ಎಂದ. ಮೇ 30ರಂದು ಎದ್ದು ನಿಂತು ಅದಕ್ಕೆ ಬಲವಾಗಿ ದನಿಗೂಡಿಸಿದವನು ಅರಾಸ್ ಊರಿನ ಒಬ್ಬ ಯುವ ವಕೀಲ. ನ್ಯಾಯಾಧೀಶರು ತಪ್ಪಬಹುದು, ತಪ್ಪಿದರೆ ಸತ್ತವನನ್ನು ಎಬ್ಬಿಸಲಾಗದು, ಸಮಾಜ ತಾನೇ ಕೊಲೆಗಾರನಾಗಬಾರದು ಎಂಬ ವಾದ ಅವನದು. ಅವನ ಹೆಸರು ಮ್ಯಾಕ್ಸಿಮಿಲಿಯನ್ ರೋಬ್‌ಸ್ಪಿಯರ್. ಸಭೆ ಒಪ್ಪಲಿಲ್ಲ. ಮರಣದಂಡನೆಗೆ ಗುರಿಯಾದವನ ತಲೆ ಕಡಿಯತಕ್ಕದ್ದು ಎಂಬ ಒಂದು ಸಾಲು ಸಂಹಿತೆಯಲ್ಲಿ ಉಳಿಯಿತು. ಹೇಗೆ ಕಡಿಯಬೇಕೆಂದು ಅದು ಹೇಳಲಿಲ್ಲ.

ಹೇಗೆ ಎಂಬ ಪ್ರಶ್ನೆ ಬಿದ್ದದ್ದು ಕಡಿಯುವವನ ತಲೆಗೆ. ಪ್ಯಾರಿಸ್ಸಿನ ವಧಕಾರ ಶಾರ್ಲ್ ಆನ್ರಿ ಸಾನ್ಸನ್, ತಲೆಮಾರುಗಳಿಂದ ಅದೇ ಕಸುಬಿನ ಮನೆತನದವನು. ಸರ್ಕಾರಕ್ಕೆ ಅವನು ಬರೆದುಕೊಟ್ಟ ಟಿಪ್ಪಣಿ ನನ್ನ ಮಟ್ಟಿಗೆ ಈ ಇಡೀ ಕಥೆಯ ಮುಖ್ಯ ದಾಖಲೆ. ಕತ್ತಿಯ ಕೆಲಸಕ್ಕೆ ಹೊಡೆಯುವವನ ಕೈ ಪಳಗಿರಬೇಕು, ಹೊಡೆಸಿಕೊಳ್ಳುವವನೂ ಅಲುಗದೆ ಧೈರ್ಯವಾಗಿರಬೇಕು. ಎಲ್ಲರಿಂದ ಆ ಧೈರ್ಯ ಬಯಸಲಾಗದು. ಒಂದು ತಲೆ ಕಡಿದರೆ ಅಲಗು ಮೊಂಡಾಗುತ್ತದೆ, ಮತ್ತೆ ಮಸೆಯಬೇಕು. ಒಂದೇ ಹೊತ್ತಿಗೆ ಹಲವರನ್ನು ಕೊಲ್ಲಬೇಕಾಗಿ ಬಂದರೆ ಕತ್ತಿಯಿಂದ ಆಗದು. ಕಸುಬುದಾರನ ಪ್ರಾಮಾಣಿಕ ದೂರು ಇದು. ಆದರೆ ಅವನು ಅಡ್ಡಿಯೆಂದು ಬರೆದದ್ದೇ ಅಲ್ಲಿಯತನಕ ಒಂದು ಮಿತಿಯೂ ಆಗಿತ್ತು. ಒಂದು ದಿನಕ್ಕೆ ಎಷ್ಟು ಜನರನ್ನು ಕೊಲ್ಲಬಹುದೆಂಬುದನ್ನು ಮನುಷ್ಯನ ರಟ್ಟೆ ನಿರ್ಧರಿಸುತ್ತಿತ್ತು. ಆ ಮಿತಿಯನ್ನು ತೆಗೆದುಹಾಕುವ ಕೆಲಸವನ್ನು ಸರ್ಕಾರ ಕೈಗೆತ್ತಿಕೊಂಡಿತು.

ಗಿಯೊತ್ಯಾಂ ಅಷ್ಟೊತ್ತಿಗೆ ಈ ವಿಷಯದಿಂದ ದೂರ ಸರಿದಿದ್ದ. ಹಾಗಾಗಿ ಹೊಣೆ ಬಂದದ್ದು ಶಸ್ತ್ರವೈದ್ಯರ ಅಕಾಡೆಮಿಯ ಕಾರ್ಯದರ್ಶಿ ಆಂತ್ವಾನ್ ಲೂಯಿಗೆ. 1792ರ ಮಾರ್ಚ್ 7ರ ತನ್ನ ವರದಿಯಲ್ಲಿ ಅವನು ಕುತ್ತಿಗೆಯ ಮೂಳೆಗಳ ರಚನೆ ವಿವರಿಸಿ, ಲಾಲಿಗೆ ಆದ ಗತಿಯನ್ನು ನೆನಪಿಸಿ, ಎತ್ತರದಿಂದ ಬೀಳುವ ಭಾರದ ಅಲಗೇ ಸರಿಯೆಂದ. ಕಲ್ಪನೆ ಹೊಸದೂ ಅಲ್ಲ. ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್ ಪಟ್ಟಣದಲ್ಲಿ ಇಂಥದೇ ಚೌಕಟ್ಟು 1650ರವರೆಗೆ ಕೆಲಸ ಮಾಡಿತ್ತು. ಸ್ಕಾಟ್ಲೆಂಡಿನವರು ತಮ್ಮದನ್ನು ‘ಕನ್ಯೆ’ ಎಂದು ಕರೆಯುತ್ತಿದ್ದರು. ಆ ದೇಶವನ್ನು ಆಳಿದ್ದ ಮಾರ್ಟನ್ ಪ್ರಭು 1581ರಲ್ಲಿ ಅದರಡಿಯೇ ಸತ್ತ. ಇಟಲಿಯಲ್ಲೂ ಇತ್ತು.

ಮಾರ್ಚ್ 20ರಂದು ಶಾಸನಸಭೆ ಒಪ್ಪಿಗೆ ಕೊಟ್ಟಿತು. ಇನ್ನು ದರದ ಮಾತು. ಸರ್ಕಾರಿ ಬಡಗಿ ಗೀದೋನ್ 5,660 ಲಿವ್ರ್ ಕೇಳಿದ. ಇಂಥ ಕೆಲಸಕ್ಕೆ ಆಳುಗಳು ಒಪ್ಪುವುದಿಲ್ಲ ಎಂಬುದು ಅವನ ನೆಪ. ತೋಬಿಯಾಸ್ ಷ್ಮಿಟ್ ಎಂಬ ಜರ್ಮನ್ ಕುಶಲಕರ್ಮಿ 960ಕ್ಕೆ ಮಾಡಿಕೊಡುತ್ತೇನೆಂದ. ಅವನ ನಿಜವಾದ ಕಸುಬು ಹಾರ್ಪ್ಸಿಕಾರ್ಡ್ ಎಂಬ ಸಂಗೀತವಾದ್ಯ ತಯಾರಿಸುವುದು. ಏಪ್ರಿಲ್ 17ರಂದು ಬಿಸೆತ್ರ್ ಆಸ್ಪತ್ರೆಯ ಅಂಗಳದಲ್ಲಿ ಹೆಣಗಳ ಮೇಲೆ ಪರೀಕ್ಷೆ ನಡೆಯಿತು. ಅಲಗಿಗೆ ಓರೆ ಅಂಚು ಬಂದ ಬಗ್ಗೆ ಒಂದು ಜನಪ್ರಿಯ ಕಥೆಯಿದೆ: ಬೀಗ ಮಾಡುವ ಹವ್ಯಾಸವಿದ್ದ ಹದಿನಾರನೇ ಲೂಯಿಯೇ ನಕ್ಷೆ ನೋಡಿ, ಬಾಗಿದ ಅಂಚನ್ನು ಹೊಡೆದುಹಾಕಿ, ಓರೆಗೆರೆ ಎಳೆದನಂತೆ. ಕಥೆಯ ಮೂಲ ಸಾನ್ಸನ್ ಮನೆತನದ ಹೆಸರಿನಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಹೊರಬಂದ ನೆನಪುಗಳು. ಅವನ್ನು ಬಾಡಿಗೆ ಬರಹಗಾರರು ಬರೆದರೆಂಬುದು ಗೊತ್ತಿರುವುದರಿಂದ ಇತಿಹಾಸಕಾರರು ಇದನ್ನು ನಂಬುವುದಿಲ್ಲ. ವಿಧಿಯ ವ್ಯಂಗ್ಯವನ್ನು ಇಷ್ಟು ಅಚ್ಚುಕಟ್ಟಾಗಿ ಕೊಡುವ ಕಥೆಗಳನ್ನು ನಾನೂ ನಂಬುವುದಿಲ್ಲ.

1792ರ ಏಪ್ರಿಲ್ 25ರಂದು ಗ್ರೇವ್ ಚೌಕದಲ್ಲಿ, ಲಾಲಿ ಸತ್ತ ಜಾಗದಲ್ಲೇ, ನಿಕೊಲಾ ಪೆಲ್ತಿಯೆ ಎಂಬ ದಾರಿಗಳ್ಳ ಹೊಸ ಯಂತ್ರದ ಮೊದಲ ಬಲಿಯಾದ. ನೋಡಲು ನೆರೆದಿದ್ದ ಜನಕ್ಕೆ ನಿರಾಸೆ. ಏನು ನಡೆಯಿತೆಂದು ತಿಳಿಯುವ ಮುನ್ನವೇ ಎಲ್ಲ ಮುಗಿದಿತ್ತು. ಹಳೆಯ ನೇಣುಗಂಬವೇ ವಾಸಿಯೆಂದು ಗೊಣಗಿದರು. ಯಂತ್ರ ಮಾಡಿಸಿದವನ ನೆನಪಿಗೆ ಕೆಲವರು ‘ಲೂಯಿಸೆತ್’ ಎಂದು ಕರೆದುನೋಡಿದರು. ನಿಲ್ಲಲಿಲ್ಲ. ಅಣಕುಹಾಡಿನ ಹೆಸರೇ ಗೆದ್ದಿತು. ಆಂತ್ವಾನ್ ಲೂಯಿ ಮುಂದಿನ ತಿಂಗಳೇ ತೀರಿಕೊಂಡ. ನಕ್ಷೆ ಹೇಳಿಕೊಟ್ಟವನನ್ನು, ಕಟ್ಟಿಕೊಟ್ಟವನನ್ನು ಬಿಟ್ಟು ಭಾಷಣ ಮಾಡಿದವನ ಕೊರಳಿಗೆ ಹೆಸರು ಬಿತ್ತು.

ಮುಂದಿನದು ಬಹಳ ಬೇಗ ನಡೆಯಿತು. ಆಗಸ್ಟಿನಲ್ಲಿ ಅರಸೊತ್ತಿಗೆ ಉರುಳಿತು. 1793ರ ಜನವರಿ 21ರಂದು, ಇಂದು ಕಾಂಕಾರ್ಡ್ ಎಂದು ಕರೆಸಿಕೊಳ್ಳುವ ಚೌಕದಲ್ಲಿ, ಹದಿನಾರನೇ ಲೂಯಿಯ ತಲೆಯನ್ನು ಸಾನ್ಸನ್ ಎತ್ತಿ ತೋರಿಸಿದ. ಮರಣದಂಡನೆ ಬೇಡವೆಂದಿದ್ದ ಸೇಂ-ಫಾರ್ಜೋ ರಾಜನ ಸಾವಿಗೆ ಮತ ಹಾಕಿ, ಹಿಂದಿನ ದಿನವಷ್ಟೇ ಒಬ್ಬ ರಾಜಭಕ್ತನ ಕತ್ತಿಗೆ ಬಲಿಯಾಗಿದ್ದ. ರಾಜ ಸಾಯದೆ ದೇಶ ಬದುಕದು ಎಂದು ವಾದಿಸಿದವನು ಅದೇ ರೋಬ್‌ಸ್ಪಿಯರ್. ಅಕ್ಟೋಬರಿನಲ್ಲಿ ರಾಣಿ ಮಾರಿ ಆಂತ್ವಾನೆತ್, ನವೆಂಬರಿನಲ್ಲಿ ಬೈಯಿ, ಮರುವರ್ಷದ ಮೇ 8ರಂದು ಲಾವೋಸಿಯೆ. ಹತ್ತು ವರ್ಷಗಳ ಹಿಂದೆ ಮೆಸ್ಮರನ ಪವಾಡವನ್ನು ಬಯಲು ಮಾಡಲು ಒಂದೇ ಮೇಜಿನ ಸುತ್ತ ಕೂತಿದ್ದವರಲ್ಲಿ ಇಬ್ಬರು, ಮೂರನೆಯವನ ಹೆಸರು ಹೊತ್ತ ಯಂತ್ರಕ್ಕೆ ಕೊರಳು ಕೊಟ್ಟರು.

ಜನ ಅದಕ್ಕೆ ಒಗ್ಗಿಕೊಂಡರು. ‘ರಾಷ್ಟ್ರೀಯ ಕ್ಷೌರದ ಕತ್ತಿ’ ಎಂದರು, ‘ವಿಧವೆ’ ಎಂದರು, ಮಕ್ಕಳ ಆಟಿಕೆಯಾಗಿಯೂ ಮಾಡಿದರು. ಯಂತ್ರ ಕಡಲನ್ನೂ ದಾಟಿತು. 1794ರ ಜೂನಿನಲ್ಲಿ ವಿಕ್ಟರ್ ಯೂಗ್ ಎಂಬ ಅಧಿಕಾರಿ ಕೆರಿಬಿಯನ್ನಿನ ಗ್ವಾಡಲೂಪ್ ದ್ವೀಪಕ್ಕೆ ಬಂದಿಳಿದಾಗ ಅವನ ಹಡಗಿನಲ್ಲಿ ಎರಡು ವಸ್ತುಗಳಿದ್ದವು: ಗುಲಾಮಗಿರಿ ರದ್ದಾಯಿತೆಂಬ ಆಜ್ಞಾಪತ್ರ ಮತ್ತು ಒಂದು ಗಿಲೊಟಿನ್.

ಅದೇ ತಿಂಗಳ 10ರಂದು ಪ್ಯಾರಿಸ್ಸಿನಲ್ಲಿ ಹೊಸ ಕಾನೂನು ಬಂತು. ಆರೋಪಿಗೆ ವಕೀಲನಿಲ್ಲ, ಸಾಕ್ಷಿ ಕಡ್ಡಾಯವಲ್ಲ, ತೀರ್ಪು ಎರಡೇ: ಬಿಡುಗಡೆ ಅಥವಾ ಸಾವು. ಊರಿನ ಪೂರ್ವದ ಅಂಚಿಗೆ ಸ್ಥಳಾಂತರಗೊಂಡ ಯಂತ್ರ ಸುಮಾರು ಆರು ವಾರಗಳಲ್ಲಿ 1,306 ಜನರನ್ನು ಮುಗಿಸಿತು. ಅವರನ್ನು ಹೂತ ಪಿಕ್‌ಪ್ಯುಸ್ ಸ್ಮಶಾನ ಈಗಲೂ ಇದೆ. ಅವರಲ್ಲಿ ಕಾಂಪಿಯೆನ್ ಮಠದ ಹದಿನಾರು ಮಂದಿ ಸನ್ಯಾಸಿನಿಯರೂ ಇದ್ದರು. ಜುಲೈ 28ರಂದು, ಅಷ್ಟರಲ್ಲಿ ಅಧಿಕಾರದ ತುದಿಗೇರಿದ್ದ ರೋಬ್‌ಸ್ಪಿಯರನ ಸರದಿ ಬಂತು.

ಒಟ್ಟು ಎಷ್ಟು ಜನ? ಡೊನಾಲ್ಡ್ ಗ್ರೀರ್ ಎಂಬ ಇತಿಹಾಸಕಾರ 1935ರಲ್ಲಿ ದಾಖಲೆಗಳನ್ನು ಎಣಿಸಿ, ‘ಭೀತಿಯ ಆಳ್ವಿಕೆ’ ಎಂದು ಹೆಸರಾದ ಈ ಅವಧಿಯಲ್ಲಿ ವಿಚಾರಣೆ ನಡೆದು ಮರಣದಂಡನೆಗೆ ಗುರಿಯಾದವರು ಸುಮಾರು 17,000 ಎಂದು ತೋರಿಸಿದ. ಅವರಲ್ಲಿ ಪ್ಯಾರಿಸ್ಸಿನಲ್ಲಿ ಶಿಕ್ಷೆಗೊಳಗಾದವರು 2,639. ಬಹಳಷ್ಟು ಜನರನ್ನು ಕೊಂದದ್ದು ಅಂತರ್ಯುದ್ಧ ನಡೆದ ಪಶ್ಚಿಮದ ಪ್ರಾಂತ್ಯಗಳಲ್ಲಿ, ಹಲವರನ್ನು ಗುಂಡಿಕ್ಕಿ. ವಿಚಾರಣೆಯಿಲ್ಲದೆ ಸತ್ತವರನ್ನೂ ಸೆರೆಮನೆಯಲ್ಲಿ ಸತ್ತವರನ್ನೂ ಸೇರಿಸಿದರೆ ಸಂಖ್ಯೆ ಇಮ್ಮಡಿ ಮೀರುತ್ತದೆಂಬುದು ಅವನದೇ ಅಂದಾಜು. ಅದರ ಬಗ್ಗೆ ಜಗಳ ಇನ್ನೂ ಇದೆ. ಜಗಳವಿಲ್ಲದ ಸಂಗತಿ ಬೇರೆ. ಶಿಕ್ಷೆಗೊಳಗಾದವರಲ್ಲಿ ಕುಲೀನರು ನೂರಕ್ಕೆ ಹತ್ತು ಮಂದಿಯೂ ಇರಲಿಲ್ಲ. ರೈತರು, ಕೂಲಿಕಾರರು, ಕುಶಲಕರ್ಮಿಗಳು, ಅಂಗಡಿಯವರೇ ಹೆಚ್ಚು. ಸಿನಿಮಾಗಳಲ್ಲಿ ಕಾಣುವ ಪೌಡರ್ ಹಚ್ಚಿದ ಕೂದಲಿನ ಪ್ರಭುಗಳ ಸಾಲು ಕ್ರಾಂತಿಯ ಒಂದು ಸಣ್ಣ ಮೂಲೆ.

ಹಾಗಾದರೆ ನೋವಿಲ್ಲದ ಸಾವೆಂಬ ಭರವಸೆಯಾದರೂ ನಿಜವೆ? ಕ್ರಾಂತಿಕಾರಿ ಪತ್ರಕರ್ತ ಮಾರಾನನ್ನು ಕೊಂದ ಶಾರ್ಲೊತ್ ಕೋರ್ದೆಯ ಕಡಿದ ತಲೆಯನ್ನೆತ್ತಿ ಒಬ್ಬ ಕೆನ್ನೆಗೆ ಹೊಡೆದಾಗ ಮುಖ ಕೆಂಪಾಯಿತೆಂಬ ಸುದ್ದಿ ಹಬ್ಬಿತ್ತು. 1795ರಲ್ಲಿ ಜರ್ಮನಿಯ ಅಂಗರಚನಾಶಾಸ್ತ್ರಜ್ಞ ಸೊಮ್ಮರಿಂಗ್, ಕಡಿದ ತಲೆಗೆ ಕೆಲಹೊತ್ತು ಅರಿವಿರುತ್ತದೆ ಎಂದು ಬರೆದ. ಪ್ಯಾರಿಸ್ಸಿನ ವೈದ್ಯ ಕಬಾನಿಸ್, ಅದು ಬರಿಯ ಸ್ನಾಯುಗಳ ಸೆಳೆತ, ಪ್ರಜ್ಞೆ ತಕ್ಷಣ ಹೋಗುತ್ತದೆ ಎಂದ. ಆದರೂ ಜನರಿಗೆ ಗೊತ್ತೇ ಆಗದಷ್ಟು ವೇಗವಾಗಿ ನಡೆಯುವ ಈ ಶಿಕ್ಷೆ ಯಾರನ್ನೂ ತಿದ್ದದು, ಕೊಲೆಗೆ ಮನಸ್ಸನ್ನು ಒಗ್ಗಿಸುತ್ತದೆ ಎಂಬುದು ಅವನ ಆಕ್ಷೇಪ. 1905ರಲ್ಲೂ ಓರ್ಲಿಯಾನ್ಸಿನಲ್ಲಿ ಬೋರಿಯೋ ಎಂಬ ವೈದ್ಯ, ಆಗತಾನೆ ಕಡಿದ ತಲೆಯ ಎದುರು ನಿಂತು ಹೆಸರು ಕೂಗಿದ. ಕಣ್ಣು ತೆರೆದು ತನ್ನನ್ನು ನೋಡಿತೆಂದು ಬರೆದಿಟ್ಟ. ಇಂದಿನ ವಿಜ್ಞಾನ ಕೆಲವು ಸೆಕೆಂಡುಗಳ ಮಾತಾಡುತ್ತದೆ, ಅದಕ್ಕಿಂತ ಹೆಚ್ಚಲ್ಲ.

ಗಿಯೊತ್ಯಾಂ ತನ್ನದೇ ಯಂತ್ರಕ್ಕೆ ಬಲಿಯಾದನೆಂದು ನಮ್ಮಲ್ಲೂ ಎಷ್ಟೋ ಮಂದಿ ನಂಬಿದ್ದಾರೆ. ಸುಳ್ಳು. ಭೀತಿಯ ಆಳ್ವಿಕೆಯಲ್ಲಿ ಸೆರೆಮನೆ ಕಂಡದ್ದು ನಿಜ, ಆದರೆ ರೋಬ್‌ಸ್ಪಿಯರನ ಪತನದ ಬಳಿಕ ಬಿಡುಗಡೆಯಾದ. ಲಿಯೋನಿನಲ್ಲಿ ಅದೇ ಅಡ್ಡಹೆಸರಿನ ಇನ್ನೊಬ್ಬ ವೈದ್ಯ ಸತ್ತದ್ದು ಗೊಂದಲಕ್ಕೆ ಕಾರಣ. ನಮ್ಮ ವೈದ್ಯ 1800ರಿಂದ ಮುಂದೆ, ಜೆನ್ನರನ ಸಿಡುಬಿನ ಲಸಿಕೆಯನ್ನು ಫ್ರಾನ್ಸಿನಲ್ಲಿ ಹರಡುವ ಸಮಿತಿಯ ಮುಂಚೂಣಿಯಲ್ಲಿದ್ದ. ಆ ಲಸಿಕೆ ಉಳಿಸಿದ ಜೀವಗಳ ಮುಂದೆ ಗ್ರೀರನ ಲೆಕ್ಕ ಚಿಕ್ಕದು. 1814ರ ಮಾರ್ಚಿನಲ್ಲಿ, ಹುಣ್ಣು ವಿಷವಾಗಿ, ಹಾಸಿಗೆಯ ಮೇಲೆ ತೀರಿಕೊಂಡ.

ಯಂತ್ರಕ್ಕೆ ಮಾತ್ರ ದೀರ್ಘಾಯುಷ್ಯ. 1939ರ ಜೂನಿನಲ್ಲಿ ವರ್ಸೇಲ್ಸಿನ ಬೀದಿಯಲ್ಲಿ ವೈಡ್‌ಮನ್ ಎಂಬ ಕೊಲೆಗಾರನ ಶಿರಚ್ಛೇದ ನೋಡಲು ಜನ ಜಾತ್ರೆಯಂತೆ ಸೇರಿ ರಂಪವಾದ ಮೇಲೆ ಅದು ಸೆರೆಮನೆಯ ಗೋಡೆಯೊಳಗೆ ಹೋಯಿತು. ಹಿಟ್ಲರನ ಜರ್ಮನಿ ಅದನ್ನು ಸಾವಿರಾರು ಜನರ ಮೇಲೆ ಬಳಸಿತು; ಕರಪತ್ರ ಹಂಚಿದ ತಪ್ಪಿಗೆ 1943ರಲ್ಲಿ ಮ್ಯೂನಿಕ್‌ನಲ್ಲಿ ಸತ್ತ ವಿದ್ಯಾರ್ಥಿನಿ ಸೋಫಿ ಷೋಲ್ ಅವರಲ್ಲೊಬ್ಬಳು. ಫ್ರಾನ್ಸಿನಲ್ಲಿ ಕೊನೆಯ ಬಾರಿಗೆ ಅಲಗು ಬಿದ್ದದ್ದು 1977ರ ಸೆಪ್ಟೆಂಬರ್ 10ರಂದು, ಮಾರ್ಸೇಯ ಸೆರೆಮನೆಯಲ್ಲಿ, ಕೊಲೆ ಅಪರಾಧಿ ಹಮೀದಾ ಜಂದೂಬಿಯ ಮೇಲೆ. ರೋಬ್‌ಸ್ಪಿಯರ್ 1791ರಲ್ಲಿ ಕೇಳಿದ್ದನ್ನು ನ್ಯಾಯಮಂತ್ರಿ ರಾಬರ್ಟ್ ಬದಾಂತೇರ್ 1981ರ ಅಕ್ಟೋಬರಿನಲ್ಲಿ ಕಾನೂನು ಮಾಡಿಸಿದ.

ಈಗ ಆ ಹೆಸರು ಇರುವುದು ಬೇರೆ ಕಡೆ. ಮುದ್ರಣಾಲಯದಲ್ಲಿ ಕಾಗದದ ಕಟ್ಟನ್ನು ಒಂದೇ ಏಟಿಗೆ ಕತ್ತರಿಸುವ ಯಂತ್ರಕ್ಕೆ ಆ ಹೆಸರಿದೆ. ಸಂಸತ್ತಿನಲ್ಲೂ ಇದೆ. ಐರ್ಲೆಂಡಿನ ಸದಸ್ಯರು ದಿನಗಟ್ಟಲೆ ಮಾತಾಡಿ ಬ್ರಿಟಿಷ್ ಸಂಸತ್ತನ್ನು ಸುಸ್ತು ಮಾಡುತ್ತಿದ್ದ ಕಾಲದಲ್ಲಿ, 1887ರ ಜೂನಿನಲ್ಲಿ, ಐರ್ಲೆಂಡನ್ನೇ ಹತ್ತಿಕ್ಕುವ ಮಸೂದೆಯ ಚರ್ಚೆಗೆ ಗಡುವು ಗೊತ್ತುಮಾಡಲಾಯಿತು: ಆ ಗಳಿಗೆ ಬಂದೊಡನೆ ಉಳಿದದ್ದೆಲ್ಲ ಚರ್ಚೆಯಿಲ್ಲದೆ ಮತಕ್ಕೆ. ಇದಕ್ಕೆ ಗಿಲೊಟಿನ್ ಎಂಬ ಹೆಸರು ಅಂಟಿಕೊಂಡಿತು. ನಮ್ಮ ಲೋಕಸಭೆಯ ನಿಯಮಗಳಲ್ಲೂ ಅದೇ ವ್ಯವಸ್ಥೆ: ಅನುದಾನ ಬೇಡಿಕೆಗಳಿಗೆ ಮೀಸಲಿಟ್ಟ ಕೊನೆಯ ದಿನ ಸಂಜೆ 5 ಗಂಟೆಗೆ ಅಥವಾ ಸ್ಪೀಕರ್ ನಿಗದಿಪಡಿಸಿದ ಹೊತ್ತಿಗೆ, ಚರ್ಚೆಯಾಗದೆ ಉಳಿದ ಎಲ್ಲ ಬೇಡಿಕೆಗಳೂ ಒಟ್ಟಿಗೆ ಮತಕ್ಕೆ ಬೀಳುತ್ತವೆ. ಗಿಯೊತ್ಯಾಂ ಕೇಳಿದ್ದ ಸಮಾನತೆ, ದಯೆ, ಮನೆಮಂದಿಯ ಮಾನ ಯಾವುದೂ ಈ ಪದದ ಜೊತೆ ಬರಲಿಲ್ಲ. ಅದರಲ್ಲಿ ಉಳಿದದ್ದು ವೇಗವೊಂದೇ.

ಆ ವೇಗಕ್ಕೆ ಸಮರ್ಥನೆಯೂ ಇದೆ. ಮಾರ್ಚ್ ಮುಗಿಯುವುದರೊಳಗೆ ಹಣಕ್ಕೆ ಒಪ್ಪಿಗೆ ಸಿಗದಿದ್ದರೆ ಸರ್ಕಾರ ನಡೆಯದು. ಆದರೆ ಕೊನೆಯ ಉಪಾಯವೆಂದು ಇಟ್ಟುಕೊಂಡದ್ದು ಕೈಗೆ ಸಲೀಸಾದರೆ ಮೊದಲ ಉಪಾಯವಾಗುತ್ತದೆ. 2018ರ ಮಾರ್ಚ್ 14ರಂದು ಲೋಕಸಭೆ, ಗದ್ದಲದ ನಡುವೆ, ಆ ವರ್ಷದ ಅಷ್ಟೂ ಸಚಿವಾಲಯಗಳ ಅನುದಾನ ಬೇಡಿಕೆಗಳನ್ನು ಗಿಲೊಟಿನ್ ಮೂಲಕ ಅಂಗೀಕರಿಸಿತು. ಒಂದೇ ಒಂದು ಬೇಡಿಕೆಯೂ ಚರ್ಚೆಗೆ ಬರಲಿಲ್ಲ.